ಮನಸ್ಸು ಸರಿಯಾದರೆ ಬಿಪಿ ಮಾತ್ರೆ ಬಿಡಬಹುದೇ?

ಪ್ರಶ್ನೆ: ನನಗೆ 48 ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಹಳ್ಳಿಯಲ್ಲಿ ಮನೆ. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆಯ ಕೆಲಸ. ಯಜಮಾನರು ಗಲ್ಫಿನಲ್ಲಿದ್ದಾರೆ, ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಎರಡು ವರ್ಷಗಳ ಹಿಂದೆ ಅತ್ತೆಯವರಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದಾರೆ. ಅವರ ಆರೈಕೆ ನನ್ನದೇ. ಕಳೆದ ವರ್ಷ ಕುಟುಂಬಾರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿದಾಗ 164/98 ಇತ್ತು. ಆಮೇಲೆ ಎರಡು ಸಲ ನೋಡಿದಾಗಲೂ ಹೆಚ್ಚೇ ಇದ್ದುದರಿಂದ ದಿನಕ್ಕೊಂದು ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ. ಮಾತ್ರೆ ಕೊಟ್ಟರು. ಈಚೆಗೆ ಬೆಳಗಿನ ಜಾವ ಮೂರು ಗಂಟೆಗೆ ಎದೆ ಹೊಡೆದುಕೊಂಡು, ಬೆವತು ಎಚ್ಚರವಾಗುತ್ತದೆ. ಮತ್ತೆ ನಿದ್ದೆ ಬರುವುದಿಲ್ಲ. ಯಾವುದರಲ್ಲೂ ಮನಸ್ಸಿಲ್ಲ. ಮಂಗಳೂರಿನ ವೈದ್ಯರೊಬ್ಬರು ಇದು ಆತಂಕ ಮತ್ತು ಖಿನ್ನತೆ ಎಂದು ಹೇಳಿ ಎಸಿಟಾಲೋಪ್ರಾಮ್ 10 ಮಿ.ಗ್ರಾಂ. ಬರೆದುಕೊಟ್ಟಿದ್ದಾರೆ. ಅಭ್ಯಾಸವಾಗಿಬಿಟ್ಟರೆ ಎಂಬ ಹೆದರಿಕೆಯಿಂದ ಅದನ್ನು ಶುರು ಮಾಡಿಲ್ಲ. ಮೈದುನ, 'ಅತ್ತಿಗೆ, ನಿಮಗೆ ಇರುವುದು ಬಿಪಿ ಅಲ್ಲ, ಬರೀ ಟೆನ್ಶನ್. ಪ್ರಾಣಾಯಾಮ ಮಾಡಿ, ಮಾತ್ರೆ ಬಿಡಿ' ಎನ್ನುತ್ತಾನೆ. ಅವನ ಮಾತು ಕೇಳಿ ಎರಡು ವಾರ ಬಿಪಿ ಮಾತ್ರೆ ನಿಲ್ಲಿಸಿದೆ. ಮಗಳು ತಂದುಕೊಟ್ಟ ಯಂತ್ರದಲ್ಲಿ 138/86 ಬಂತು, ಅಂದರೆ ನಾರ್ಮಲ್ಲೇ ಅಲ್ಲವೇ? ಆದರೆ ಅದೇ ಯಂತ್ರ ಕೆಲವು ದಿನ 172 ತೋರಿಸುತ್ತದೆ. ಭಯವಾಗಿ ದಿನಕ್ಕೆ ಹತ್ತು ಸಲ ನೋಡುತ್ತೇನೆ. ಗಂಟುನೋವಿಗೆ ಮೆಡಿಕಲ್ ಶಾಪಿನಿಂದ ತರುವ ಡೈಕ್ಲೋಫಿನಾಕ್ ಬಿಟ್ಟರೆ ಬೇರೆ ಮದ್ದು ತೆಗೆದುಕೊಳ್ಳುವುದಿಲ್ಲ. ನನ್ನ ಬಿಪಿ ಮನಸ್ಸಿನಿಂದ ಬಂದದ್ದೇ? ಎರಡೂ ಮಾತ್ರೆ ಒಟ್ಟಿಗೆ ತೆಗೆದುಕೊಳ್ಳಬಹುದೇ? ಅತ್ತೆಯವರಂತೆ ನನಗೂ ಆಗುತ್ತದೆಯೇ? ಮಗಳಿಗೂ ಬರುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲದರ ಬುಡದಲ್ಲಿ ಇರುವುದು ಒಂದೇ ಚಿಂತೆ: ನನಗೆ ಇರುವುದು ಮನಸ್ಸಿನ ಕಾಯಿಲೆಯೋ ದೇಹದ ಕಾಯಿಲೆಯೋ, ಒಂದನ್ನು ಸರಿಪಡಿಸಿದರೆ ಇನ್ನೊಂದು ತಾನಾಗಿ ಹೋಗುತ್ತದೆಯೋ ಎಂಬುದು. ನೀವು ಬರೆದಿರುವ ವಿವರಗಳನ್ನು ನೋಡಿದರೆ ನಿಮಗೆ ಎರಡೂ ಇರುವಂತೆ ಕಾಣುತ್ತದೆ. ಒಂದು ಇನ್ನೊಂದನ್ನು ಕೆರಳಿಸುತ್ತಿರುವುದೂ ನಿಜವಿರಬಹುದು. ಆದರೆ ಒಂದರ ಚಿಕಿತ್ಸೆ ಇನ್ನೊಂದರ ಚಿಕಿತ್ಸೆಗೆ ಬದಲಿಯಾಗುವುದಿಲ್ಲ. ನಿಮ್ಮನ್ನು ಪರೀಕ್ಷಿಸದೆ ಖಚಿತವಾದ ರೋಗನಿರ್ಣಯ ಮಾಡಲು ನನಗೆ ಸಾಧ್ಯವಿಲ್ಲ. ಹಾಗಿದ್ದರೂ ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರೊಂದಿಗೆ ಏನು ಮಾತಾಡಬೇಕು, ಅದುವರೆಗೆ ಏನು ಮಾಡಬಾರದು ಎಂಬುದನ್ನು ಸ್ಪಷ್ಟವಾಗಿ ಹೇಳಬಲ್ಲೆ.

ಮೊದಲು 138/86 ಎಂಬ ಅಂಕವನ್ನೇ ನೋಡೋಣ, ಏಕೆಂದರೆ ನಿಮ್ಮ ಮತ್ತು ನಿಮ್ಮ ಮೈದುನರ ತೀರ್ಮಾನ ನಿಂತಿರುವುದು ಅದರ ಮೇಲೆ. ಆಸ್ಪತ್ರೆಯಲ್ಲಿ ನೋಡುವಾಗ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡ ಎಂದು ನಾವು ಹೇಳುತ್ತೇವೆ. ಆದರೆ ಮನೆಯಲ್ಲಿ ನೆಮ್ಮದಿಯಾಗಿ ಕುಳಿತು ನೋಡಿದಾಗ ಅಂಕಗಳು ಸಾಮಾನ್ಯವಾಗಿ ಸ್ವಲ್ಪ ಕೆಳಗೇ ಇರುತ್ತವೆ. ಆದ್ದರಿಂದ ಮನೆಯ ಅಳತೆಗೆ ಮಿತಿ 135/85. ಈ ಲೆಕ್ಕದಲ್ಲಿ ನಿಮ್ಮ 138/86 ಗಡಿಯಿಂದ ಒಳಗಿಲ್ಲ, ಹೊರಗೆ ದಾಟಿ ನಿಂತಿದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಮಾತ್ರೆ ನಿಲ್ಲಿಸಿದ ಮರುದಿನವೇ ರಕ್ತದೊತ್ತಡ ಹಳೆಯ ಮಟ್ಟಕ್ಕೆ ಜಿಗಿಯಬೇಕೆಂದಿಲ್ಲ. ಟೆಲ್ಮಿಸಾರ್ಟಾನ್‌ನಂಥ ಮಾತ್ರೆಗಳನ್ನು ಬಿಟ್ಟಾಗ ಅದು ನಿಧಾನವಾಗಿ, ಎಷ್ಟೋ ಸಲ ವಾರಗಳ ಅವಧಿಯಲ್ಲಿ ಏರುತ್ತದೆ. ಎರಡು ವಾರ ಏನೂ ಆಗಲಿಲ್ಲವೆಂಬುದು ಮಾತ್ರೆ ಬೇಕಿರಲಿಲ್ಲ ಎನ್ನುವುದಕ್ಕೆ ಪುರಾವೆಯಲ್ಲ. ಈಗ ನೀವು ಮಾತ್ರೆ ತೆಗೆದುಕೊಳ್ಳುತ್ತಿದ್ದೀರೋ ಇಲ್ಲವೋ ಪತ್ರದಿಂದ ತಿಳಿಯಲಿಲ್ಲ; ನಿಲ್ಲಿಸಿಯೇ ಇದ್ದರೆ ನಾಳೆಯೇ ಕುಟುಂಬಾರೋಗ್ಯ ಕೇಂದ್ರಕ್ಕೆ ಹೋಗಿ, ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳಿ, ಮತ್ತೆ ಆರಂಭಿಸುವ ಬಗ್ಗೆ ಕೇಳಿ.

'ಟೆನ್ಶನ್‌ನಿಂದ ಬಿಪಿ' ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅದರಲ್ಲಿ ಸತ್ಯಾಂಶವಿದೆ, ಆದರೆ ಅರ್ಧ ಮಾತ್ರ. ಹೆದರಿದಾಗ, ಸಿಟ್ಟು ಬಂದಾಗ, ಕೆಟ್ಟ ಸುದ್ದಿ ಕೇಳಿದಾಗ ಮೂತ್ರಪಿಂಡದ ಮೇಲೆ ಕುಳಿತಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸುರಿಯುತ್ತದೆ, ನರಗಳು ಹೃದಯವನ್ನು ಜೋರಾಗಿ ಬಡಿಯುವಂತೆ ಮಾಡುತ್ತವೆ, ಸಣ್ಣ ರಕ್ತನಾಳಗಳು ಬಿಗಿಯುತ್ತವೆ. ಆಗ ಮೇಲಿನ ಅಂಕ 20-30ರಷ್ಟು ಏರುವುದು ಅಪರೂಪವಲ್ಲ. ಕಾರಣ ಹೋದ ಮೇಲೆ ಅದು ಇಳಿಯುತ್ತದೆ. ಇದು ಆರೋಗ್ಯವಂತರಲ್ಲೂ ನಡೆಯುವ ಸಹಜ ಕ್ರಿಯೆ. ತೋಟದ ಪಂಪು ಚಾಲೂ ಮಾಡಿದ ಕ್ಷಣ ಪೈಪಿನೊಳಗೆ ಒತ್ತಡ ಏರುವುದು ಬೇರೆ, ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಪೈಪೇ ಕಿರಿದಾಗಿ ಒತ್ತಡ ಸದಾಕಾಲ ಹೆಚ್ಚಿರುವುದು ಬೇರೆ. ಕಾಯಿಲೆ ಎಂದು ನಾವು ಕರೆಯುವ ಅಧಿಕ ರಕ್ತದೊತ್ತಡ ಈ ಎರಡನೆಯ ಜಾತಿಯದು. ಅದರ ಮುಖ್ಯ ಕಾರಣಗಳು ವಂಶ, ವಯಸ್ಸು, ಉಪ್ಪು, ದೇಹದ ತೂಕ, ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುವ ರೀತಿ ಮುಂತಾದವು.

ಹಾಗಾದರೆ ವರ್ಷಗಟ್ಟಲೆ ಉಳಿಯುವ ಚಿಂತೆ, ಖಿನ್ನತೆಗಳಿಂದ ಶಾಶ್ವತವಾದ ಅಧಿಕ ರಕ್ತದೊತ್ತಡ ಬರುವುದಿಲ್ಲವೇ? ಇಲ್ಲಿ ವಿಜ್ಞಾನದ ಉತ್ತರ ಜನ ತಿಳಿದಷ್ಟು ಸರಳವಾಗಿಲ್ಲ. ಖಿನ್ನತೆ, ಆತಂಕ ಇರುವವರನ್ನು ದೀರ್ಘಕಾಲ ಅನುಸರಿಸಿದ ಅನೇಕ ಅಧ್ಯಯನಗಳಲ್ಲಿ ಅವರಿಗೆ ಮುಂದೆ ಅಧಿಕ ರಕ್ತದೊತ್ತಡ ಬರುವ ಸಂಭವ ಉಳಿದವರಿಗಿಂತ ಹೆಚ್ಚು ಕಂಡಿದೆ. ಆದರೆ ನಾರ್ವೆ ದೇಶದ ಒಂದು ಪ್ರಾಂತದ ಜನರನ್ನು 11 ವರ್ಷಗಳ ಅಂತರದಲ್ಲಿ ನೋಡಿದ ದೊಡ್ಡ ಅಧ್ಯಯನದಲ್ಲಿ, ಆತಂಕ ಮತ್ತು ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವರ ರಕ್ತದೊತ್ತಡ ಸರಾಸರಿಯಲ್ಲಿ ತುಸು ಕಡಿಮೆಯೇ ಇತ್ತು. ಎರಡೂ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅನಿಸುವುದು ಇಷ್ಟು: ಮನಸ್ಸಿನ ನೋವು ಒಂದೇ ದಾರಿಯಲ್ಲಿ ರಕ್ತನಾಳಗಳನ್ನು ತಲುಪುವುದಿಲ್ಲ, ಬಹುಪಾಲು ಅದು ನಮ್ಮ ದಿನಚರಿಯನ್ನು ಹಾದು ತಲುಪುತ್ತದೆ. ಮನಸ್ಸು ಕುಗ್ಗಿದವರು ನಡೆಯಲು ಹೋಗುವುದಿಲ್ಲ, ಸರಿಯಾಗಿ ಅಡುಗೆ ಮಾಡಿಕೊಳ್ಳದೆ ಗಂಜಿ-ಉಪ್ಪಿನಕಾಯಿಯಲ್ಲಿ ಊಟ ಮುಗಿಸುತ್ತಾರೆ, ಬೀಡಿ ಅಥವಾ ಮದ್ಯ ಹೆಚ್ಚುತ್ತದೆ, ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಹೆಚ್ಚುತ್ತದೆ, ಮಾತ್ರೆ ಮರೆತುಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನಿದ್ದೆ ಕೆಡುತ್ತದೆ.

ನಿದ್ದೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಮೂರು ಗಂಟೆಯ ಎಚ್ಚರ. ಆರೋಗ್ಯವಂತರಲ್ಲಿ ರಾತ್ರಿ ನಿದ್ದೆಯ ಹೊತ್ತಿಗೆ ರಕ್ತದೊತ್ತಡ ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ. ಹೃದಯಕ್ಕೂ ರಕ್ತನಾಳಗಳಿಗೂ ಸಿಗುವ ವಿರಾಮ ಅದು. ಮಲಗಿದಲ್ಲೇ ಇರುವ ಹಿರಿಯರನ್ನು ರಾತ್ರಿ ಮಗ್ಗುಲು ಬದಲಿಸಲು, ಬಟ್ಟೆ ಬದಲಿಸಲು ಎರಡು-ಮೂರು ಸಲ ಏಳುವವರಿಗೆ ಈ ಇಳಿತ ಸರಿಯಾಗಿ ಆಗುವುದಿಲ್ಲ. ಎರಡು ವರ್ಷಗಳಿಂದ ಹಗಲು ಸಂಘದ ಲೆಕ್ಕಪುಸ್ತಕ, ರಾತ್ರಿ ಅತ್ತೆಯವರ ಆರೈಕೆ ಎಂಬಂತೆ ಬದುಕಿದ ನಿಮಗೆ ನಿದ್ದೆ ಒಡೆದುಹೋದದ್ದರಲ್ಲಿ ಆಶ್ಚರ್ಯವಿಲ್ಲ. ಇದನ್ನು ನಿಮ್ಮ ಮನೋದೌರ್ಬಲ್ಯವೆಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಆದರೆ ಮೂರು ಗಂಟೆಗೆ ಎದೆ ಹೊಡೆದುಕೊಳ್ಳುವುದನ್ನೆಲ್ಲ ಮನಸ್ಸಿನ ತಲೆಗೆ ಕಟ್ಟುವ ಮೊದಲು ಕೆಲವು ಸಂಗತಿಗಳನ್ನು ಪರಿಶೀಲಿಸಲೇಬೇಕು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಎದೆಬಡಿತ, ಬೆವರು, ಕೈನಡುಕ, ಗಾಬರಿ, ರಕ್ತದೊತ್ತಡ ಎಲ್ಲವೂ ಒಟ್ಟಿಗೆ ಬರುತ್ತವೆ. ಒಂದು ಸರಳ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಕಾಲದ ಬಿಸಿಯುಬ್ಬರದಿಂದಲೂ ರಾತ್ರಿ ಬೆವತು ಎಚ್ಚರವಾಗುವುದುಂಟು. ಜೋರಾಗಿ ಗೊರಕೆ ಹೊಡೆಯುವವರಲ್ಲಿ ನಿದ್ದೆಯ ನಡುವೆ ಉಸಿರು ಮತ್ತೆ ಮತ್ತೆ ಕಟ್ಟುವ ತೊಂದರೆ ಇದ್ದರೆ ಅದು ರಕ್ತದೊತ್ತಡವನ್ನೂ ಏರಿಸುತ್ತದೆ, ಹಗಲಿನ ಮನಸ್ಸನ್ನೂ ಕುಗ್ಗಿಸುತ್ತದೆ. ಮಗಳು ರಜೆಯಲ್ಲಿ ಬಂದಾಗ ನಿಮ್ಮ ಗೊರಕೆಯನ್ನು ಗಮನಿಸಲು ಹೇಳಿ. ತೀರ ಅಪರೂಪವಾಗಿ, ತಲೆನೋವು, ಎದೆಬಡಿತ, ಬೆವರು ಮೂರೂ ಒಟ್ಟಿಗೆ ಅಲೆಯಂತೆ ಬಂದು ಆಗ ರಕ್ತದೊತ್ತಡ ವಿಪರೀತ ಏರುವುದಾದರೆ, ಅಡ್ರಿನಲಿನ್ ಸುರಿಸುವ ಗಡ್ಡೆಯೊಂದನ್ನು ಹುಡುಕಬೇಕಾಗುತ್ತದೆ. ಅದು ನಿಮಗಿದೆ ಎಂದು ಖಂಡಿತ ಹೇಳುತ್ತಿಲ್ಲ. 'ಟೆನ್ಶನ್' ಎಂದು ಹಣೆಪಟ್ಟಿ ಹಚ್ಚುವ ಮೊದಲು ವೈದ್ಯರು ಇಷ್ಟನ್ನು ಯೋಚಿಸಿರಬೇಕು ಎನ್ನುತ್ತಿದ್ದೇನೆ.

ಇನ್ನು ಆ ಡೈಕ್ಲೋಫಿನಾಕ್. 'ಬಿಟ್ಟರೆ ಬೇರೆ ಮದ್ದಿಲ್ಲ' ಎಂದು ನೀವು ಹಗುರವಾಗಿ ಬರೆದಿರುವ ಆ ಮಾತ್ರೆಯೇ ನಿಮ್ಮ ಕಥೆಯಲ್ಲಿ ಎಲ್ಲರ ಕಣ್ಣು ತಪ್ಪಿಸಿದ ಪಾತ್ರಧಾರಿ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳು ಮೂತ್ರಪಿಂಡದಲ್ಲಿ ಉಪ್ಪು-ನೀರನ್ನು ತಡೆದು ನಿಲ್ಲಿಸಿ ರಕ್ತದೊತ್ತಡವನ್ನು ಏರಿಸುತ್ತವೆ. ಟೆಲ್ಮಿಸಾರ್ಟಾನ್‌ನ ಪರಿಣಾಮವನ್ನು ಕುಗ್ಗಿಸುತ್ತವೆ. ಎರಡನ್ನೂ ಬಹುಕಾಲ ಸೇರಿಸಿ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಅದರ ಮೇಲೆ ಎಸಿಟಾಲೋಪ್ರಾಮ್ ಕೂಡ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ. ಗಂಟುನೋವಿಗೆ ಬೇಕಾದಾಗ ಮಾತ್ರ ಪ್ಯಾರಸಿಟಮಾಲ್, ಮೇಲಿಂದ ಹಚ್ಚುವ ಮುಲಾಮು, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಇವುಗಳ ಬಗ್ಗೆ ವೈದ್ಯರನ್ನು ಕೇಳಿ. ಶೀತಕ್ಕೆಂದು ಅಂಗಡಿಯಲ್ಲಿ ಕೊಡುವ, ಮೂಗು ಬಿಡಿಸುವ ಮಾತ್ರೆಗಳೂ, ಕೆಮ್ಮಿಗೆಂದು ದಿನವೂ ಜಗಿಯುವ ಜೇಷ್ಠಮಧುವೂ ರಕ್ತದೊತ್ತಡವನ್ನು ಏರಿಸಬಲ್ಲವು.

ಇದು ನಮ್ಮ ಗಡಿಭಾಗದ ವಿಶೇಷ ಕಷ್ಟವೂ ಹೌದು. ಬಿಪಿ ಮಾತ್ರೆ ಊರಿನ ಕುಟುಂಬಾರೋಗ್ಯ ಕೇಂದ್ರದಿಂದ, ಮನಸ್ಸಿನ ಮಾತ್ರೆಯ ಚೀಟಿ ತಲಪಾಡಿಯ ಆಚೆಯ ಮಂಗಳೂರಿನಿಂದ, ನೋವಿನ ಮಾತ್ರೆ ಪೇಟೆಯ ಮೆಡಿಕಲ್ ಶಾಪಿನಿಂದ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಚೀಟಿಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಪಾಟಿನೊಳಗೆ ಇರುತ್ತವೆ. ಡಾಕ್ಟರ ಮುಂದೆ ಕುಳಿತಾಗ ಆ ಚೀಲ ಮನೆಯಲ್ಲೇ ಉಳಿದಿರುತ್ತದೆ. ಒಂದು ನೋಟುಪುಸ್ತಕದ ಒಂದೇ ಪುಟದಲ್ಲಿ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಆರಂಭಿಸಿದ ತಿಂಗಳು ಬರೆದು, ಎರಡೂ ಕಡೆಯ ವೈದ್ಯರಿಗೆ ಅದೇ ಪುಟವನ್ನು ತೋರಿಸಿ. ಇದಕ್ಕಿಂತ ಉಪಯುಕ್ತವಾದ ಸಲಹೆ ನನ್ನಲ್ಲಿ ಬಹುಶಃ ಇಲ್ಲ.

ಈಗ ಯಂತ್ರದ ವಿಷಯ. ದಿನಕ್ಕೆ ಹತ್ತು ಸಲ ನೋಡುವುದನ್ನು ನಿಲ್ಲಿಸಬೇಕು. ಗಾಬರಿಯಾದಾಗ ನೋಡಿದರೆ ಅಂಕ ಹೆಚ್ಚು ಬರುತ್ತದೆ, ಹೆಚ್ಚು ಬಂದದ್ದನ್ನು ಕಂಡು ಗಾಬರಿ ಇಮ್ಮಡಿಯಾಗುತ್ತದೆ, ಐದು ನಿಮಿಷದಲ್ಲಿ ಮತ್ತೆ ನೋಡಿದರೆ ಇನ್ನೂ ಹೆಚ್ಚು. ನಿಮ್ಮ 172 ಇಂಥ ಹೊತ್ತಿನದೇ ಆಗಿರುವ ಸಾಧ್ಯತೆ ಬಹಳ. ಅಳೆಯುವುದಕ್ಕೆ ಒಂದು ಕ್ರಮವಿದೆ. ಬೆಳಿಗ್ಗೆ ಶೌಚ ಮುಗಿಸಿ, ಕಾಫಿ, ತಿಂಡಿ ಮತ್ತು ಮಾತ್ರೆಗೆ ಮೊದಲು ಒಮ್ಮೆ. ರಾತ್ರಿ ಮಲಗುವ ಮೊದಲು ಒಮ್ಮೆ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕದೆ, ಪಾದಗಳನ್ನು ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಪಟ್ಟಿಯನ್ನು ರವಿಕೆಯ ತೋಳಿನ ಮೇಲೆ ಸುತ್ತದೆ ಬರಿ ತೋಳಿಗೆ ಸುತ್ತಿ, ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟದಲ್ಲಿ ಇಡಬೇಕು. ಅಳೆಯುವಾಗ ಮಾತಾಡಬಾರದು, ಒಳಗಿನ ಕೋಣೆಯಿಂದ ಅತ್ತೆಯವರು ಕರೆದರೂ ಆ ಒಂದು ನಿಮಿಷ ಉತ್ತರ ಕೊಡಬಾರದು. ಮಾತಾಡುವುದರಿಂದಲೇ, ಮೂತ್ರ ತುಂಬಿಕೊಂಡಿರುವುದರಿಂದಲೇ ಅಂಕ 10ರಷ್ಟು ಏರಬಹುದು. ಒಂದು ನಿಮಿಷ ಬಿಟ್ಟು ಎರಡನೆಯ ಸಲ ನೋಡಿ, ಎರಡನ್ನೂ ಬರೆಯಿರಿ. ಹೀಗೆ ಏಳು ದಿನ. ಮೊದಲ ದಿನದ ಅಂಕಗಳನ್ನು ಬಿಟ್ಟು ಉಳಿದ ಆರು ದಿನಗಳ ಸರಾಸರಿ ತೆಗೆದರೆ ಸಿಗುವುದೇ ನಿಮ್ಮ ನಿಜವಾದ ರಕ್ತದೊತ್ತಡ. ಲೆಕ್ಕಪತ್ರ ನೋಡುವವರಾದ ನಿಮಗೆ ಇದು ಕಷ್ಟವಾಗಲಾರದು. ಆ ವಾರ ಮುಗಿದ ಮೇಲೆ, ವೈದ್ಯರು ಬೇರೆ ಹೇಳದಿದ್ದರೆ, ಯಂತ್ರವನ್ನು ಮುಂದಿನ ಭೇಟಿಯ ಹಿಂದಿನ ವಾರದವರೆಗೆ ಕಪಾಟಿನಲ್ಲಿಡಿ.

ಆಸ್ಪತ್ರೆಯಲ್ಲಿ ಮಾತ್ರ ಹೆಚ್ಚು ಬಂದು ಮನೆಯಲ್ಲಿ ಸರಿಯಾಗಿರುವವರೂ ಇದ್ದಾರೆ. ಬಿಳಿಕೋಟಿನ ರಕ್ತದೊತ್ತಡ ಎಂದು ಅದನ್ನು ಕರೆಯುತ್ತೇವೆ. ನಿಮ್ಮದು ಅದೇ ಇರಬಹುದೇ ಎಂಬ ಸಂದೇಹ ನಿಮ್ಮ ವೈದ್ಯರಿಗಿದ್ದರೆ, 24 ಗಂಟೆ ತೋಳಿಗೆ ಕಟ್ಟಿಕೊಳ್ಳುವ ಯಂತ್ರದಿಂದ ಅದನ್ನು ಪರಿಹರಿಸಿಕೊಳ್ಳಬಹುದು. ಅದರಲ್ಲಿ ಇಡೀ ದಿನದ ಸರಾಸರಿ 130/80ಕ್ಕಿಂತ ಕೆಳಗಿರಬೇಕು. ಇದಕ್ಕೆ ತದ್ವಿರುದ್ಧವಾಗಿ, ಆಸ್ಪತ್ರೆಯಲ್ಲಿ ಸರಿಯಾಗಿದ್ದು ಕೆಲಸದ ಜಾಗದಲ್ಲೋ ಮನೆಯಲ್ಲೋ ಹೆಚ್ಚಿರುವವರೂ ಇದ್ದಾರೆ, ಮತ್ತು ಅಪಾಯ ಹೆಚ್ಚಿರುವುದು ಅವರಿಗೇ.

ಜನರಲ್ಲಿ ಬೇರೂರಿರುವ ಒಂದು ನಂಬಿಕೆಯನ್ನು ಇಲ್ಲಿ ಕಿತ್ತುಹಾಕಬೇಕು. ಬಿಪಿ ಏರಿದರೆ ತಲೆ ಸುತ್ತುತ್ತದೆ, ಕಣ್ಣು ಕತ್ತಲಿಡುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹಾಗಾಗಿ ಏರಿದ್ದು ನಮಗೇ ಗೊತ್ತಾಗುತ್ತದೆ ಎಂಬುದು ಆ ನಂಬಿಕೆ. ಬಹುತೇಕ ಮಂದಿಯಲ್ಲಿ ಅಧಿಕ ರಕ್ತದೊತ್ತಡ ಯಾವ ಸದ್ದೂ ಇಲ್ಲದೆ ವರ್ಷಗಟ್ಟಲೆ ಇರುತ್ತದೆ. ನೀವು ಅನುಭವಿಸುವ ಎದೆಬಡಿತ, ಬೆವರು, ಉಸಿರು ಸಾಲದೆಂಬ ಭಾವ ಹೆಚ್ಚಾಗಿ ಆತಂಕದವು. ಅವು ಹತ್ತು ನಿಮಿಷಗಳಲ್ಲಿ ತುದಿಗೇರಿ ಅರ್ಧ ಗಂಟೆಯಲ್ಲಿ ಇಳಿಯುವುದು ಸಾಮಾನ್ಯ. ಆದ್ದರಿಂದ ಎದೆಬಡಿತ ನಿಂತಿತು ಎಂದು ಬಿಪಿ ಮಾತ್ರೆ ಬಿಡುವುದೂ, ಎದೆ ಹೊಡೆದುಕೊಂಡಿತು ಎಂದು ಒಂದರ ಬದಲು ಎರಡು ಮಾತ್ರೆ ನುಂಗುವುದೂ ಸಮಾನವಾಗಿ ತಪ್ಪು.

ಎಸಿಟಾಲೋಪ್ರಾಮ್ ಬಗ್ಗೆ ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಈ ಹೆದರಿಕೆಯಿಂದ ಚೀಟಿಯನ್ನು ಮಡಚಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಅದು ಅಮಲು ತರಿಸುವ ಮಾತ್ರೆಯಲ್ಲ, ದಿನೇ ದಿನೇ ಹೆಚ್ಚು ಬೇಕೆನಿಸುವ ಮಾತ್ರೆಯೂ ಅಲ್ಲ. ಸಾಮಾನ್ಯ ಪ್ರಮಾಣದಲ್ಲಿ ಅದು ರಕ್ತದೊತ್ತಡವನ್ನು ಏರಿಸುವುದಿಲ್ಲ, ಟೆಲ್ಮಿಸಾರ್ಟಾನ್ ಜೊತೆ ಕೊಡುವುದು ಸಾಮಾನ್ಯ ರೂಢಿ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ವಾಕರಿಕೆ, ತಲೆನೋವು, ಕೆಲವರಲ್ಲಿ ಇದ್ದ ಗಾಬರಿಯೇ ತುಸು ಹೆಚ್ಚಿದಂತೆ ಅನಿಸುವುದು ಉಂಟು. ಬಹಳ ಮಂದಿ ಮಾತ್ರೆ ಬಿಟ್ಟುಬಿಡುವುದು ಈ ವಾರದಲ್ಲೇ. ಅದಕ್ಕಾಗಿ 5 ಮಿ.ಗ್ರಾಂ.ನಿಂದ ಆರಂಭಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಬಹುದು. ಗುಣ ಕಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಾಗುತ್ತದೆ. ಬಿಡುವಾಗ ಥಟ್ಟನೆ ಬಿಡದೆ ಹಂತಹಂತವಾಗಿ ಇಳಿಸಬೇಕು, ಇಲ್ಲದಿದ್ದರೆ ತಲೆಸುತ್ತು, ಕಿರಿಕಿರಿ ಕಾಣಿಸಿಕೊಳ್ಳುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ನೀರಿಳಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ, ರಕ್ತದ ಸೋಡಿಯಂ ಕುಸಿಯುವ ಸಂಭವವಿದೆ; ಮುಂದೆ ನಿಮಗೆ ಅಂಥ ಮಾತ್ರೆ ಸೇರಿಸಿದರೆ ಸೋಡಿಯಂ ಪರೀಕ್ಷೆ ಮಾಡಿಸಿಕೊಳ್ಳಿ. ಹೃದಯದ ಬಡಿತದ ಲಯದಲ್ಲಿ ತೊಂದರೆ ಇರುವವರಿಗೆ ಇಸಿಜಿ ನೋಡಿಯೇ ಇದನ್ನು ಕೊಡಬೇಕು.

ಅಭ್ಯಾಸವಾಗುವ ಭಯ ನಿಜವಾಗಿ ಇರಬೇಕಾದದ್ದು ಬೇರೊಂದು ಬಗೆಯ ಮಾತ್ರೆಗಳ ಬಗ್ಗೆ. ಅಲ್ಪ್ರಜೋಲಾಮ್ ಮುಂತಾದ ನಿದ್ದೆ-ಸಮಾಧಾನದ ಮಾತ್ರೆಗಳನ್ನು ನುಂಗಿದ ಅರ್ಧ ಗಂಟೆಯಲ್ಲಿ ಎದೆಬಡಿತವೂ ಇಳಿಯುತ್ತದೆ, ಬಿಪಿಯೂ ಸ್ವಲ್ಪ ಇಳಿಯುತ್ತದೆ. ಆ ತಕ್ಷಣದ ಸುಖವೇ ಬಲೆ. ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಕೊಂಡು, ಬಿಟ್ಟರೆ ಮೊದಲಿಗಿಂತ ಹೆಚ್ಚಿನ ಗಾಬರಿ ಬರುತ್ತದೆ. ಹಿರಿಯರು ರಾತ್ರಿ ಎದ್ದಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಲು ಇವೂ ಒಂದು ಕಾರಣ. ಎಸಿಟಾಲೋಪ್ರಾಮ್‌ಗೆ ಹೆದರುವ ಮನೆಗಳಲ್ಲೇ ಇಂಥ ಮಾತ್ರೆ ಹಳೆಯ ಚೀಟಿಯ ಮೇಲೆ ವರ್ಷಗಟ್ಟಲೆ ಬರುತ್ತಿರುವುದನ್ನು ಕಂಡಾಗ ನನಗೆ ತುಂಬ ಬೇಸರವಾಗುತ್ತದೆ.

ಈ ಪುಟವನ್ನು ಓದುವ ಇತರರಿಗಾಗಿ ಎರಡು ಮಾತು. ಖಿನ್ನತೆಗೆ ಕೊಡುವ ಎಲ್ಲ ಮಾತ್ರೆಗಳೂ ರಕ್ತದೊತ್ತಡದ ವಿಷಯದಲ್ಲಿ ಒಂದೇ ಅಲ್ಲ. ವೆನ್ಲಾಫ್ಯಾಕ್ಸಿನ್ ಪ್ರಮಾಣ ಹೆಚ್ಚಿದಂತೆ ಬಿಪಿಯನ್ನು ಏರಿಸಬಲ್ಲದು. ಅದನ್ನು ತೆಗೆದುಕೊಳ್ಳುವವರು ಬಿಪಿ ನೋಡಿಸಿಕೊಳ್ಳುತ್ತಿರಬೇಕು. ಲಿಥಿಯಂ ತೆಗೆದುಕೊಳ್ಳುವವರಿಗೆ ಟೆಲ್ಮಿಸಾರ್ಟಾನ್ ಜಾತಿಯ ಮಾತ್ರೆ, ನೀರಿಳಿಸುವ ಮಾತ್ರೆ ಅಥವಾ ಡೈಕ್ಲೋಫಿನಾಕ್ ಸೇರಿಸಿದರೆ ರಕ್ತದಲ್ಲಿ ಲಿಥಿಯಂ ವಿಷದ ಮಟ್ಟಕ್ಕೆ ಏರಬಹುದು, ಆದ್ದರಿಂದ ಯಾರೇ ಹೊಸ ಮಾತ್ರೆ ಬರೆದರೂ ಲಿಥಿಯಂ ಹೆಸರನ್ನು ಮೊದಲು ಹೇಳಬೇಕು.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು ಬಿಪಿ ಮಾತ್ರೆ ಮುಂದುವರಿಸಿ ಎಸಿಟಾಲೋಪ್ರಾಮ್ ಆರಂಭಿಸುವುದು. ಎರಡು ವಾರಗಳಿಗಿಂತ ಹೆಚ್ಚು ಕಾಲದಿಂದ ಯಾವುದರಲ್ಲೂ ಮನಸ್ಸಿಲ್ಲದೆ, ನಿದ್ದೆಯಿಲ್ಲದೆ ಇದ್ದೀರಾದರೆ ನಾನು ಈ ದಾರಿಯ ಪರ. ಎರಡನೆಯದು ಬಿಪಿ ಮಾತ್ರೆ ಮುಂದುವರಿಸಿ, ಮನಸ್ಸಿಗೆ ಮಾತ್ರೆಯ ಬದಲು ತರಬೇತಾದ ಮನಶ್ಶಾಸ್ತ್ರಜ್ಞರ ಮಾತಿನ ಚಿಕಿತ್ಸೆಯನ್ನು ಮೊದಲು ನೋಡುವುದು. ಆತಂಕ ಮತ್ತು ಸೌಮ್ಯ ಖಿನ್ನತೆಯಲ್ಲಿ ಇದು ಮಾತ್ರೆಯಷ್ಟೇ ಪರಿಣಾಮಕಾರಿ. ಆದರೆ ವಾರಕ್ಕೊಮ್ಮೆಯಂತೆ ಎರಡು-ಮೂರು ತಿಂಗಳು ಹೋಗಬೇಕು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಬಿಟ್ಟು ಹೋಗುವುದು ನಿಮಗೆ ಸುಲಭವಲ್ಲ. ಮೂರನೆಯದು ಮೈದುನರು ಹೇಳುವಂತೆ ಮಾತ್ರೆ ಬಿಟ್ಟು ಪ್ರಾಣಾಯಾಮವನ್ನೇ ನಂಬುವುದು. ನಿಮಿಷಕ್ಕೆ ಆರರಂತೆ ನಿಧಾನವಾಗಿ ಉಸಿರಾಡುವ ಅಭ್ಯಾಸದಿಂದ ಬಿಪಿ ಕೆಲವು ಅಂಕ ಇಳಿಯುತ್ತದೆ, ಆತಂಕ ತಗ್ಗುತ್ತದೆ. ಹತ್ತು-ಹದಿನೈದು ನಿಮಿಷ ದಿನವೂ ಮಾಡಿ, ಖಂಡಿತ ಒಳ್ಳೆಯದು. ಉಸಿರು ಬಿಗಿಹಿಡಿಯುವ, ರಭಸದಿಂದ ಹೊರಹಾಕುವ ಬಗೆಗಳನ್ನು ಮಾತ್ರ ಬಿಪಿ ಹತೋಟಿಗೆ ಬರುವವರೆಗೆ ಬಿಡಿ. ಆದರೆ 164ನ್ನು ಆ ಕೆಲವು ಅಂಕಗಳಿಂದ ಸರಿದೂಗಿಸಲಾಗುವುದಿಲ್ಲ. ಮೈದುನರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಅವರ ಸಲಹೆಯ ಮೊದಲ ಭಾಗವನ್ನು ಸ್ವೀಕರಿಸಿ, ಎರಡನೆಯದನ್ನು ಬಿಡಿ.

ಊಟದ ಮಾತು ಚಿಕ್ಕದಾಗಿ. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಳೆಗಾಲಕ್ಕೆಂದು ಭರಣಿಯಲ್ಲಿ ಹಾಕಿಡುವ ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ), ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಇವುಗಳಲ್ಲಿ ನಮ್ಮ ಕಡೆಯ ಹೆಚ್ಚಿನ ಉಪ್ಪು ಅಡಗಿದೆ. ಸೊಳೆಯನ್ನು ನೀರಿನಲ್ಲಿ ನೆನೆಹಾಕಿ, ಎರಡು-ಮೂರು ಸಲ ನೀರು ಬದಲಿಸಿ ಹಿಂಡಿ, ಪಲ್ಯಕ್ಕೆ ಮತ್ತೆ ಉಪ್ಪು ಹಾಕದೆ ಮಾಡಿದರೆ ರುಚಿಯೂ ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟಾನ್ ಕೂಡ ಪೊಟ್ಯಾಸಿಯಂ ಏರಿಸುವ ಮಾತ್ರೆಯಾದ್ದರಿಂದ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸದೆ ಅದನ್ನು ಬಳಸಬೇಡಿ.

ನಿಮ್ಮ ಹೊರೆ ಇಳಿಯದೆ ಮಾತ್ರೆಗಳು ಮಾಡಬಹುದಾದದ್ದು ಸೀಮಿತ. ಕೇರಳದಲ್ಲಿ 2008ರಲ್ಲಿ ಜಾರಿಗೆ ಬಂದ ಪಾಲಿಯೇಟಿವ್ ಆರೈಕೆಯ (ದೀರ್ಘಕಾಲ ನರಳುವವರ ಸಾಂತ್ವನ ಆರೈಕೆಯ) ನೀತಿಯಂತೆ, ಹಾಸಿಗೆ ಹಿಡಿದವರ ಮನೆಗೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಬರುವ ವ್ಯವಸ್ಥೆ ಇದೆ. ಅತ್ತೆಯವರ ಹೆಸರು ಅಲ್ಲಿ ನೋಂದಣಿಯಾಗಿಲ್ಲವಾದರೆ ಆಶಾ ಕಾರ್ಯಕರ್ತೆಯ ಮೂಲಕ ಮಾಡಿಸಿ. ಕುಟುಂಬಾರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯನ್ನು ಗುರುತಿಸಿ ಚಿಕಿತ್ಸೆ ನೀಡುವ 'ಆಶ್ವಾಸಂ' ಎಂಬ ಕಾರ್ಯಕ್ರಮವೂ ಇದೆ. ಬಿಪಿ ಮಾತ್ರೆಗೆ ಹೋದಾಗಲೇ ಅದರ ಬಗ್ಗೆ ವಿಚಾರಿಸಿ. ಗಂಟುನೋವನ್ನು ಯಾವ ಭಾಷೆಯಲ್ಲಾದರೂ ಕೈ ತೋರಿಸಿ ಹೇಳಬಹುದು, ಆದರೆ ರಾತ್ರಿ ಮೂರು ಗಂಟೆಯ ಸಂಕಟವನ್ನು ಹರಕುಮುರುಕು ಮಲಯಾಳದಲ್ಲಿ ಹೇಳಿದರೆ ಅರ್ಧ ಒಳಗೇ ಉಳಿಯುತ್ತದೆ. ಕನ್ನಡ ಬಲ್ಲ ನರ್ಸನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕೂರಿಸಿಕೊಳ್ಳಲು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡವನ್ನು ಆರಿಸಿಕೊಂಡು ಮಾತಾಡಬಹುದು. ಬದುಕು ಸಾಕೆನಿಸುವ ಯೋಚನೆ ಒಮ್ಮೆ ಬಂದರೂ ಮುಂದಿನ ಭೇಟಿಗೆ ಕಾಯದೆ ಅಂದೇ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ.

ಅತ್ತೆಯವರಂತೆ ನಿಮಗೂ ಆಗುವುದೇ ಎಂಬ ಭಯಕ್ಕೆ ಉತ್ತರ: ಅವರಿಗೂ ನಿಮಗೂ ರಕ್ತಸಂಬಂಧವಿಲ್ಲ, ಆದ್ದರಿಂದ ಆ ದಾರಿಯಿಂದ ನಿಮಗೆ ಏನೂ ಬರುವುದಿಲ್ಲ. ಪಾರ್ಶ್ವವಾಯುವಿನ ಕಾರಣಗಳಲ್ಲಿ ನಾವು ಹತೋಟಿಗೆ ತರಬಹುದಾದ ಅತಿ ದೊಡ್ಡದು ಅಧಿಕ ರಕ್ತದೊತ್ತಡ. ನಿಮಗೆ ಅದು ಮೊದಲೇ ಪತ್ತೆಯಾಗಿದೆ, ಮದ್ದೂ ಇದೆ. ಮೇಲಿನ ಅಂಕ 180 ಅಥವಾ ಕೆಳಗಿನದು 120 ದಾಟಿದ್ದು, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು, ದೃಷ್ಟಿ ಮಸುಕಾಗುವುದು ಇವುಗಳಲ್ಲಿ ಯಾವುದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಯಂತ್ರದ ಅಂಕ ಎಷ್ಟೇ ಇರಲಿ, ಕಾಯಬಾರದು. ಅಂಕ ಮಾತ್ರ ಹೆಚ್ಚಿದ್ದು ಬೇರೇನೂ ಇಲ್ಲದಿದ್ದರೆ ಐದು ನಿಮಿಷ ಕುಳಿತು ಮತ್ತೆ ನೋಡಿ. ಹಾಗೆಯೇ ಇದ್ದರೆ ಅಂದೇ ವೈದ್ಯರನ್ನು ಕಾಣಿ. ನಾಲಗೆಯ ಅಡಿಗೆ ಮಾತ್ರೆ ಇಟ್ಟು ಬಿಪಿಯನ್ನು ಥಟ್ಟನೆ ಇಳಿಸುವ ಹಳೆಯ ಪದ್ಧತಿ ಅಪಾಯಕಾರಿ. ಹಾಗೆ ಇಳಿಸುವುದರಿಂದಲೇ ಮೆದುಳಿಗೆ ರಕ್ತ ಸಾಲದೆ ಹೋಗಬಹುದು.

ಮಗಳ ವಿಷಯದಲ್ಲಿ, ತಾಯಿಗೆ ಅಧಿಕ ರಕ್ತದೊತ್ತಡವೂ ಖಿನ್ನತೆಯೂ ಇದ್ದರೆ ಮಕ್ಕಳಿಗೆ ಅವು ಬರುವ ಸಂಭವ ಉಳಿದವರಿಗಿಂತ ಸ್ವಲ್ಪ ಹೆಚ್ಚು, ಆದರೆ ಬಂದೇ ಬರುತ್ತದೆ ಎಂದೇನಿಲ್ಲ. ಅವಳಿಗೆ ತಂದೆಯ ಕಡೆಯ ಅಜ್ಜಿಯ ಪಾರ್ಶ್ವವಾಯುವೂ ಲೆಕ್ಕಕ್ಕೆ ಬರುತ್ತದೆ. ವರ್ಷಕ್ಕೊಮ್ಮೆ ಅವಳ ಬಿಪಿ ನೋಡಿಸಿ. ಮುಂದೆ ಗರ್ಭಿಣಿಯಾದಾಗ ಮನೆಯ ಈ ಇತಿಹಾಸವನ್ನು ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳುವಂತೆ ತಿಳಿಸಿಡಿ. ನಿಮ್ಮ ಮಾತ್ರೆಗಳ ಪುಟವನ್ನು ಬರೆಯುವಾಗ ಅವಳನ್ನೇ ಜೊತೆಗೆ ಕೂರಿಸಿಕೊಳ್ಳಿ, ಅದರ ಒಂದು ಫೋಟೊ ಅವಳ ಮೊಬೈಲಿನಲ್ಲೂ ಇರಲಿ.